ನಿಂತ ಹೆಲಿಕಾಪ್ಟರಿನಿಂದ ಬೀಳುವವರು

ಹೆಲಿಕಾಪ್ಟರ್ ಅಪಘಾತ ಎಂದರೆ ನಮಗೆ ಆಕಾಶದ ಕಡೆಗೇ ಗಮನ. ಹ್ಯಾಂಗರಿನಲ್ಲಿ ನಿಂತ ಯಂತ್ರದ ಮೇಲಿಂದ ಮೆಕ್ಯಾನಿಕ್ ಜಾರಿ ಬಿದ್ದರೆ ಅದು ಸುದ್ದಿಯಾಗುವುದೂ ಅಪರೂಪ. ಮೈಸೂರು ಬಳಿಯ ಇಲವಾಲದವರಿಗೆ ಇದು ದೂರದ ಮಾತಲ್ಲ. ಪಕ್ಕದ ಬಿಇಎಂಎಲ್ ಕಾರ್ಖಾನೆಯ ಭಾರಿ ಡಂಪರಿಗೂ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೇತಕ್, ಧ್ರುವ್ ಹೆಲಿಕಾಪ್ಟರುಗಳಿಗೂ ಒಂದು ಗುಣ ಸಮಾನ: ದುರಸ್ತಿ ಮಾಡಬೇಕಾದರೆ ಹತ್ತಲೇಬೇಕು. ಚೇತಕ್‌ನ ಎಂಜಿನ್ ರೋಟರಿನ ಹಿಂದೆ, ಮೇಲ್ಭಾಗದಲ್ಲೇ ಇದೆ. ಅಲ್ಲಿ ಕಾಲಿಡಲು ಸಿಗುವುದು ಬಾಗಿದ, ನುಣುಪಾದ, ಎಣ್ಣೆ ಸೋರಿದರೆ ಇನ್ನಷ್ಟು ಜಾರುವ ಜಾಗ. ಬಿಗಿಯಾದ ನಟ್ಟಿಗೆ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಎಳೆಯುತ್ತಿರುವಾಗ ಅದು ತಟ್ಟನೆ ಸಡಿಲಗೊಂಡರೆ, ಎಳೆದ ರಭಸಕ್ಕೇ ಆಳು ಹಿಂದಕ್ಕೆ ವಾಲುತ್ತಾನೆ.

'ಅಷ್ಟೇನೂ ಎತ್ತರವಿಲ್ಲವಲ್ಲ' ಎನ್ನುವವರು ಲೆಕ್ಕ ಹಾಕಿ ನೋಡಲಿ. 3 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡೂ ಹಿಡಿಯದು. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಕಾಂಕ್ರೀಟಿಗೆ ತಲೆ ಬಡಿಯಲು ಅಷ್ಟು ಸಾಕು. ಅನುಭವಿಗಳು ಬೀಳುವುದಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ: ಅನುಭವ ಕೈಗೆ ಚುರುಕು ಕೊಡುತ್ತದೆ, ಎಣ್ಣೆಯ ಮೇಲೆ ಹಿಡಿತ ಕೊಡುವುದಿಲ್ಲ. ಸೊಂಟಕ್ಕೆ ಬೆಲ್ಟು ಕಟ್ಟಿದರಾಯಿತು ಎನ್ನುವವರೂ ಇದ್ದಾರೆ. ಆದರೆ ಹಗ್ಗ ಬಿಗಿಯಲು ತಲೆಯ ಮೇಲೆ ಭದ್ರವಾದ ಆಸರೆ ಬೇಕು. ಕಾಲ ಬಳಿ ಕಟ್ಟಿದ ಎರಡು ಮೀಟರ್ ಹಗ್ಗ ಜಗ್ಗಿ ನಿಲ್ಲುವ ಮೊದಲೇ ನೆಲ ಬಂದಿರುತ್ತದೆ.

ಉಳಿಯುವ ದಾರಿ ಒಂದೇ: ಯಂತ್ರದ ಮೈಗೆ ಒಪ್ಪುವ, ಸುತ್ತ ಕಟಕಟೆ ಇರುವ, ಚಕ್ರಕ್ಕೆ ಬೀಗ ಬೀಳುವ ಕೆಲಸದ ಅಟ್ಟಣಿಗೆ. ಅದು ದುಬಾರಿ, ಬಯಲು ಹೆಲಿಪ್ಯಾಡಿಗೆ ಒಯ್ಯುವುದು ಕಷ್ಟ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಿದ್ದರೆ ಬಿಚ್ಚಿ ಜೋಡಿಸುವಂಥದ್ದನ್ನು ಮಾಡಬೇಕು. ಅದೂ ಸಿಗದ ಕಡೆ ತುರ್ತಲ್ಲದ ಕೆಲಸವನ್ನು ಹ್ಯಾಂಗರಿಗೆ ಮುಂದೂಡಬೇಕು. ಬೀಳುವ ಸಂಭವವಿರುವ ಎತ್ತರದಲ್ಲಿ ದುಡಿಯುವವನಿಗೆ ಬೇಲಿಯೋ ಬೇರೆ ರಕ್ಷಣೆಯೋ ಇರಬೇಕೆಂಬ ತತ್ವ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಇದು ಹೊಸ ಬೇಡಿಕೆಯೇನಲ್ಲ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಆರಂಭದ ಗುರಿ ವರ್ಷಕ್ಕೆ 30 ಹೆಲಿಕಾಪ್ಟರ್. ಒಂದೊಂದನ್ನೂ ದಶಕಗಳ ಕಾಲ ಯಾರೋ ಹತ್ತಿ ಇಳಿಯುತ್ತಲೇ ಇರಬೇಕು. ಆದ್ದರಿಂದ ಹೆಲಿಕಾಪ್ಟರಿನ ಖರೀದಿ ಪಟ್ಟಿಯಲ್ಲೇ ಅಟ್ಟಣಿಗೆಯೂ ಸೇರಲಿ. ಪೈಲಟ್ ಕ್ಷೇಮವಾಗಿ ಇಳಿದರೆ ಸಾಲದು, ಆ ಯಂತ್ರವನ್ನು ಸಜ್ಜುಗೊಳಿಸಿದವನೂ ಕ್ಷೇಮವಾಗಿ ಇಳಿಯಬೇಕು.