ನೂರು ಗಿಗಾಬಿಟ್ ಮಾರ್ಗದಲ್ಲೂ ಒಂದು ಹರಿವಿಗೆ ಹತ್ತೇ!

ಸೆಕೆಂಡಿಗೆ 100 ಗಿಗಾಬಿಟ್ ವೇಗದ ಅಂತರ್ಜಾಲ ಮಾರ್ಗವನ್ನು ಪಡೆದ ಸಂಸ್ಥೆಯೊಂದರ ಬೃಹತ್ ಕಡತ 10 ಗಿಗಾಬಿಟ್ ವೇಗವನ್ನು ಮೀರದಿದ್ದರೆ ಅದನ್ನು ದೋಷವೆಂದೇ ಭಾವಿಸಬೇಕಿಲ್ಲ. ಆ ಮಾರ್ಗವು ತಲಾ 10 ಗಿಗಾಬಿಟ್‌ನ ಹತ್ತು ಲಿಂಕ್‌ಗಳ ಕಟ್ಟಾಗಿರಬಹುದು. ಇಂತಹ ಜೋಡಣೆಗೆ ಐಇಇಇ ಸಂಸ್ಥೆಯು 2000ನೇ ಇಸವಿಯಲ್ಲಿ ಮಾನಕವನ್ನು ಅಂಗೀಕರಿಸಿತು.

ರೂಟರ್ ಸಾಮಾನ್ಯವಾಗಿ ಪ್ರತಿ ಪ್ಯಾಕೆಟ್‌ನ ಮೂಲ ಮತ್ತು ಗಮ್ಯ ವಿಳಾಸ, ಪೋರ್ಟ್ ಸಂಖ್ಯೆಗಳನ್ನು ಆಧರಿಸಿ ಲಿಂಕ್ ಆರಿಸುತ್ತದೆ. ಎರಡು ಕಂಪ್ಯೂಟರ್‌ಗಳ ನಡುವಣ ಒಂದು ಸಂಪರ್ಕದಲ್ಲಿ, ಅಂದರೆ ಒಂದು ಹರಿವಿನಲ್ಲಿ, ಇವು ಬದಲಾಗುವುದಿಲ್ಲ. ಹೀಗಾಗಿ ಅದರ ಪ್ಯಾಕೆಟ್‌ಗಳೆಲ್ಲ ಒಂದೇ ಲಿಂಕ್‌ನಲ್ಲಿ ಸಾಗುತ್ತವೆ. ಹತ್ತರಲ್ಲೂ ಹಂಚಿದರೆ ಅವು ಕ್ರಮ ತಪ್ಪಿ ತಲುಪಬಹುದು. ಟಿಸಿಪಿ ವ್ಯವಸ್ಥೆಯು ಅದನ್ನು ನಷ್ಟವೆಂದು ತಿಳಿದು ವೇಗವನ್ನು ತಗ್ಗಿಸಬಹುದು.

ತೊಡಕೂ ಇದೆ. ಎರಡು ಭಾರಿ ಹರಿವುಗಳು ಒಂದೇ ಲಿಂಕ್ ಸೇರಿದರೆ, ಉಳಿದವು ಬರಿದಾಗಿದ್ದರೂ ಎರಡೂ ಕುಂಟುತ್ತವೆ.

ಕಡತವನ್ನು ಹಲವು ಸಮಾಂತರ ಹರಿವುಗಳಾಗಿ ಕಳುಹಿಸುವುದು ಒಂದು ಪರಿಹಾರ. ಜಿನೀವಾದ ಸರ್ನ್ ಪ್ರಯೋಗಾಲಯದ ದತ್ತಾಂಶ ವಿತರಣೆಗೆ ಬಳಸಲಾದ ಗ್ರಿಡ್‌ಎಫ್‌ಟಿಪಿಯಲ್ಲಿ ಈ ಸೌಲಭ್ಯವಿತ್ತು. 100 ಗಿಗಾಬಿಟ್‌ನ ಒಂದೇ ಲಿಂಕ್ ಪಡೆಯುವುದು ಇನ್ನೊಂದು. ಇದರ ಮಾನಕ 2010ರಲ್ಲಿ ಬಂದಿತು.

ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಟ್ಟು ವೇಗವನ್ನಷ್ಟೇ ಅಲ್ಲ, ಒಂದು ಹರಿವಿನ ಮಿತಿಯನ್ನೂ ವಿಚಾರಿಸುವುದು ಒಳಿತು.