ಕ್ಯಾಮೆರಾ ತೋಟಕ್ಕೂ ಬರಲಿ

ಕಳೆದ ಮಳೆಗಾಲದ ಒಂದು ಸಂಜೆ ಹಿಲ್ಲೂರಿನ ಸದಸ್ಯರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ನಾವು ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರವನ್ನು ನೋಡಿದೆವು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರು ಅರಣ್ಯ ಇಲಾಖೆಯ ಜೊತೆಗೂಡಿ ತಯಾರಿಸಿದ ಈ ಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ, ಅದೇ ವರ್ಷ ಜೂನ್ 5ರಂದು ಟಿ.ವಿ.ಗೆ ಬಂದಿತ್ತು. ಸುಮಾರು 400 ಗಂಟೆಗಳ ಚಿತ್ರೀಕರಣದಲ್ಲಿ ಕೊನೆಗೆ ಇಟ್ಟುಕೊಂಡದ್ದು ಒಂದು ಗಂಟೆಗೂ ಕಡಿಮೆ. ತಾಳ್ಮೆ ಎಂದರೆ ಅದು.

ಚಿತ್ರ ಮುಗಿದಾಗ ಮನೆಯ ಅಜ್ಜ ಎಂದರು: “ಚೊಲೋ ಇದ್ದು ತಮಾ. ಆದ್ರೆ ಒಂದು ತೋಟನೂ ಕಾಣ್ತಿಲ್ಲೆ.”

ವನ್ಯಜೀವಿ ಚಿತ್ರದಲ್ಲಿ ತೋಟವನ್ನು ಹುಡುಕುವುದು ನ್ಯಾಯವಲ್ಲವೆನ್ನಬಹುದು. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಬಲ್ಲ ಹಾರುವ ಓತಿ ನಮ್ಮ ಅಡಿಕೆ ಮರಗಳಲ್ಲೇ ಇದೆ. ಗಂಡು ಹಳದಿ ಗಂಟಲ ಚೀಲ ಬಿಚ್ಚಿ ಮುಚ್ಚುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ಇರುವೆ ತಿಂದು ಬದುಕುವ ಈ ಜೀವಿಯನ್ನು ನೋಡಲು ಅಭಯಾರಣ್ಯಕ್ಕೆ ಹೋಗಬೇಕಿಲ್ಲ.

ಮನುಷ್ಯರ ವಿಷಯ ಇನ್ನೂ ಕಷ್ಟದ್ದು. ನಮ್ಮ ತಾಲೂಕಿನ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದದ್ದನ್ನು ದೇಶವೆಲ್ಲ ನೋಡಿತು. ಬರಿಗಾಲು ಕಂಡಿತು. ಬೀಜಕ್ಕೆ ತಾಯಿಮರವನ್ನು ಅವರು ಹೇಗೆ ಗುರುತಿಸುತ್ತಿದ್ದರೆಂಬುದು ಕಂಡಿತೇ? ಅದೇ ಅವರ ನಿಜವಾದ ವಿದ್ಯೆ. ಅವರು ತೀರಿಕೊಂಡದ್ದು 2024ರ ಡಿಸೆಂಬರ್ 16ರಂದು. ಎರಡು ತಿಂಗಳಾಗುವಷ್ಟರಲ್ಲಿ, 2025ರ ಫೆಬ್ರುವರಿ 13ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಸುಕ್ರಜ್ಜಿಯ ಹಾಡುಗಳಲ್ಲಿ ಕೆಲವಾದರೂ ಧ್ವನಿಮುದ್ರಣದಲ್ಲಿ ಉಳಿದಿವೆ. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿದವರ, ಕರ ಕೊಡದೆ ಜಮೀನು ಕಳೆದುಕೊಂಡವರ ಬಾಯಿಂದ ಕೇಳುವ ಕಾಲ ಮುಗಿದೇ ಹೋಯಿತು.

ಪ್ರಶಸ್ತಿ ಬಂದಾಗ ಕ್ಯಾಮೆರಾ ಬರುತ್ತದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗಲೂ ವಾರಗಟ್ಟಲೆ ಗಂಗಾವಳಿಯ ದಂಡೆಯಲ್ಲಿ ನಿಂತಿತ್ತು. ಉಳಿದ ದಿನಗಳಲ್ಲಿ ನಮ್ಮ ಕೆಲಸವನ್ನು ನಾವೇ ಚಿತ್ರೀಕರಿಸಬೇಕು.

ಏನನ್ನು? ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಕೊನೆಗೌಡನನ್ನು. ಫೈಬರ್ ದೋಟಿ ಬಂದ ಮೇಲೆ ಹೊಸಬರು ಆ ವಿದ್ಯೆ ಕಲಿಯುವುದು ಕಡಿಮೆ. ಬೀಳುವ ಭಯ ತಪ್ಪಿದ್ದು ಒಳ್ಳೆಯದೇ ಎನ್ನಿ. ಕೊಳೆ ತಡೆಯಲು ಕರಡದ ಕೊಟ್ಟೆ ಕಟ್ಟುವ ಕೈಗಳನ್ನು. ಬೀಜದ ಗೋಟನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ಆರಿಸಿಕೊಳ್ಳುವ ಕ್ರಮವನ್ನು.

ಮೊಬೈಲ್ ಫೋನ್ ಸಾಕು. ಅಡ್ಡ ಹಿಡಿಯಿರಿ, ಗಾಳಿಯ ಸದ್ದಿಲ್ಲದ ಕಡೆ ಕೂರಿಸಿ. ಮೊದಲು ಒಪ್ಪಿಗೆ ಕೇಳಿ, ಬಳಿಕ ಅವರ ಹೆಸರು, ಊರು, ತಾರೀಖನ್ನು ಅವರಿಂದಲೇ ಹೇಳಿಸಿ. ನಡುವೆ ಬಾಯಿ ಹಾಕಬೇಡಿ (ನಮ್ಮ ಮೊದಲ ಪ್ರಯತ್ನದಲ್ಲಿ ನಮ್ಮ ದನಿಯೇ ಹೆಚ್ಚು ಕೇಳಿಸುತ್ತದೆ). ಪ್ರತಿಯನ್ನು ಎರಡು ಕಡೆ ಇಡಿ.

ಕೊನೆ ಕೊಯ್ಲು ಶುರುವಾಗುವ ಮೊದಲೇ ಹಿಲ್ಲೂರಿನ ಆ ಅಜ್ಜನಿಂದ ಆರಂಭಿಸುವುದೆಂದು ನಿಶ್ಚಯಿಸಿದ್ದೇವೆ. ಅವರಿಗೆ 80 ದಾಟಿದೆ. ಕೆಮ್ಮು ಬಿಟ್ಟರೆ ಮಾತು ಸ್ಪಷ್ಟವಾಗಿದೆ.