ಕೊಳದ ಅಂತರಗಂಗೆ ಯಾಕೆ ಸೊರಗುತ್ತದೆ?

ಬೆಂಗಳೂರಿನ ಕೊಳಚೆ ಸೇರುವ ಕೆರೆಗಳಲ್ಲಿ ತೇಲುಗಿಡಗಳು ಯಾರ ಆರೈಕೆಯೂ ಇಲ್ಲದೆ ದಟ್ಟವಾಗಿ ಹಬ್ಬುತ್ತವೆ. ಕೆಂಗೇರಿಯ ನಮ್ಮ ಅಂಗಳದ ಪುಟ್ಟ ಕೊಳದಲ್ಲಿ ಮಾತ್ರ ಅಂತರಗಂಗೆ ಹಳದಿ ತಿರುಗಿ ಕುಗ್ಗುತ್ತದೆ. ಯಾಕೆ ಗೊತ್ತಾ? ಹಸಿವು. ಚರಂಡಿ ನೀರಲ್ಲಿ ಸಾರಜನಕ, ರಂಜಕ ತುಂಬಿರುತ್ತದೆ. ನಲ್ಲಿ ನೀರಲ್ಲಿ ತೀರಾ ಕಡಿಮೆ.

ಎಲೆ ನೋಡಿ. ಹೊರಸುತ್ತಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕ ಸಾಲುತ್ತಿಲ್ಲ. ನಾಲ್ಕಾರು ಗಪ್ಪಿ ಮೀನು ಬಿಡಿ, ಅವುಗಳ ಹಿಕ್ಕೆಯೇ ಗೊಬ್ಬರ. ಗೋಲ್ಡ್‌ಫಿಶ್ ಬೇಡ, ಬೇರು ಕಿತ್ತು ತಿನ್ನುತ್ತವೆ. ಹೊಸ ಎಲೆಯೇ ಬಿಳಿಚಿ, ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್‌ನ ಗಡಸು ನೀರಲ್ಲಿ ಗಿಡಕ್ಕೆ ಕಬ್ಬಿಣ ಹೀರುವುದು ಕಷ್ಟ. ಮಳೆನೀರು ಹಿಡಿದು ಬೆರೆಸಿ. ಇದಕ್ಕಿಂತ ಒಳ್ಳೆ ಮದ್ದು ನಾನಂತೂ ಕಂಡಿಲ್ಲ.

ಕಾರಂಜಿಯಿಂದ ದೂರ ಇಡಿ, ಎಲೆ ಸದಾ ನೆನೆದರೆ ಕೊಳೆಯುತ್ತದೆ. ಏಪ್ರಿಲ್ ಬಿಸಿಲಿಗೆ ಎಲೆ ಸುಡುತ್ತಿದ್ದರೆ ಮಧ್ಯಾಹ್ನ ನೆರಳು ಕೊಡಿ. ಡಿಸೆಂಬರ್ ಚಳಿಯಲ್ಲಿ ಬೆಳವಣಿಗೆ ನಿಂತರೆ ಗಾಬರಿ ಬೇಡ, ಶಿವರಾತ್ರಿ ಕಳೆದ ಮೇಲೆ ಚಿಗುರುತ್ತದೆ.

ಚೇತರಿಸಿಕೊಂಡು ಅರ್ಧ ಕೊಳ ಮುಚ್ಚಿತೋ, ಹೆಚ್ಚಿದ್ದನ್ನು ತೆಗೆಯಿರಿ. ದಯವಿಟ್ಟು ಅದನ್ನು ಕೆರೆಗೋ ಮೋರಿಗೋ ಎಸೆಯಬೇಡಿ. ತೆಂಗಿನ ಬುಡಕ್ಕೆ ಹಾಕಿ.